ನಿನ್ನೆ ಏನು ಓದಿದಿರಿ?

ಮೊದಲ ಮನೆಯಲ್ಲೇ ನನ್ನ ಪ್ರಶ್ನೆಪತ್ರ ಕೈಕೊಟ್ಟಿತು. ಜಗಲಿಯ ಮೇಲೆ ರಾಶಿ ಹಾಕಿಕೊಂಡು ಕೊಬ್ಬರಿಯ ಚಿಪ್ಪು ಬಿಡಿಸುತ್ತ ಕೂತಿದ್ದ ಹೆಂಗಸಿಗೆ ಐವತ್ತು ದಾಟಿರಬಹುದು. "ಪುಸ್ತಕ ಓದೋ ಅಭ್ಯಾಸ ಇದೆಯಾ ಅಕ್ಕ?" ಅಂತ ಕೇಳಿದೆ. ಕೈಯಲ್ಲಿದ್ದ ಮಚ್ಚು ನಿಲ್ಲಿಸದೆ, "ಇಲ್ಲ ಕಣವ್ವ, ನಮಗ್ಯಾಕೆ ಅದೆಲ್ಲ" ಅಂದರು. ಹಾಳೆಯಲ್ಲಿ ಹೌದು, ಇಲ್ಲ ಅಂತ ಎರಡು ಚೌಕ. ಇಲ್ಲ ಅನ್ನುವುದರ ಎದುರು ಗುರುತು ಹಾಕಿದೆ. ಮುಂದಿನ ಪ್ರಶ್ನೆ, ತಿಂಗಳಿಗೆ ಎಷ್ಟು ಪುಸ್ತಕ ಓದುತ್ತೀರಿ. ಅದರ ಮುಂದಿನದು, ಯಾವ ಪ್ರಕಾರದ ಸಾಹಿತ್ಯ ಇಷ್ಟ. ಇಲ್ಲ ಅಂದವರಿಗೆ ಅದನ್ನು ಕೇಳುವುದಾದರೂ ಹೇಗೆ? ಹತ್ತು ಪ್ರಶ್ನೆಗಳಲ್ಲಿ ಏಳು ಖಾಲಿ ಉಳಿದವು. ಆ ಬೀದಿ ಮುಗಿಯುವಷ್ಟರಲ್ಲಿ ಒಂದೇ ಥರದ ಹಾಳೆಗಳು ಕೈತುಂಬ ಆಗಿದ್ದವು.

ನಾನು ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಗ್ರಂಥಾಲಯ ಮೇಲ್ವಿಚಾರಕಿ. ನಮ್ಮ ಗ್ರಂಥಾಲಯ ಅಂದರೆ ಹಾಲಿನ ಡೇರಿ ಪಕ್ಕದ ಒಂದು ಕೋಣೆ. ಮೂರು ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು, ಗೋಡೆಗೆ ಒಂದು ಟಿವಿ, ಮೂಲೆಯಲ್ಲಿ ಒಂದು ಕಂಪ್ಯೂಟರ್. 2019ರವರೆಗೆ ಇದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿತ್ತು. ಆ ವರ್ಷ ರಾಜ್ಯದ ಹಳ್ಳಿ ಗ್ರಂಥಾಲಯಗಳನ್ನೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. ಈಗ ನಮ್ಮ ಬಾಗಿಲ ಮೇಲೆ ಅರಿವು ಕೇಂದ್ರ ಅಂತ ಬರೆದಿದೆ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಗ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಿತ್ತು. ನಮ್ಮ ಕೋಣೆಯಲ್ಲಿ ಮಕ್ಕಳು ಕೂರಲು ಜಾಗ ಸಾಲದೆ ಹೊರಗೆ ಚಾಪೆ ಹಾಸಿದ್ದು ನೆನಪಿದೆ. ಶಾಲೆ ತೆರೆದ ಮೇಲೆ ಮಕ್ಕಳು ಶನಿವಾರ, ಭಾನುವಾರಕ್ಕೆ ಉಳಿದರು. ಉಳಿದ ದಿನ ಪೇಪರ್ ನೋಡಲು ಬರುವ ನಾಲ್ಕೈದು ಜನ, ಪರೀಕ್ಷೆಗೆ ಓದುವ ಹುಡುಗರು, ಅಷ್ಟೆ.

2024ರ ಫೆಬ್ರವರಿಯಲ್ಲಿ ಪಂಚಾಯ್ತಿಯಲ್ಲಿ ಮುಂದಿನ ವರ್ಷದ ಖರ್ಚಿನ ಮಾತು ಬಂತು. ಗ್ರಂಥಾಲಯಕ್ಕೆ ಏನು ಬೇಕು, ಪಟ್ಟಿ ಕೊಡಿ ಅಂದರು. ಪ್ರತಿ ವರ್ಷ ಈ ಪಟ್ಟಿಯನ್ನು ನಾನೇ ಕೂತು ಬರೆಯುತ್ತಿದ್ದೆ. ಅರ್ಧ ಪ್ರಕಾಶಕರ ಕ್ಯಾಟಲಾಗ್ ನೋಡಿ, ಇನ್ನರ್ಧ ನನಗೆ ಇಷ್ಟವಾದದ್ದು. ಹಾಗೆ ತಂದ ಪುಸ್ತಕಗಳಲ್ಲಿ ಎಷ್ಟೋ ಒಂದು ಸಲವೂ ಬೀರುವಿನಿಂದ ಹೊರಗೆ ಹೋಗಿಲ್ಲ. ಎರವಲು ವಹಿ ತಿರುವಿದರೆ ಗೊತ್ತಾಗುತ್ತದೆ, ಅವುಗಳ ಎದುರು ಸಹಿಯೇ ಇಲ್ಲ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಈ ಸಲ ಊರನ್ನೇ ಕೇಳಿ ಬರೆಯುತ್ತೇನೆ, ಮೂರು ವಾರ ಟೈಮ್ ಕೊಡಿ ಅಂದೆ. ನಿವೃತ್ತ ಮೇಷ್ಟ್ರೊಬ್ಬರು ನಮ್ಮಲ್ಲಿ ದಿನಾ ಪೇಪರ್ ಓದಲು ಬರುತ್ತಾರೆ. ಅವರೂ ನಾನೂ ಸೇರಿ ಹತ್ತು ಪ್ರಶ್ನೆ ಬರೆದು, ತಿಪಟೂರಿಗೆ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದೆವು. ಅದೇ ಹಾಳೆ ಮೊದಲ ದಿನವೇ ಕೈಕೊಟ್ಟದ್ದು.

ದಾರಿ ತೋರಿಸಿದ್ದು ಆ ಕೊಬ್ಬರಿ ಅಕ್ಕನೇ. ಬೀದಿ ಮುಗಿಸಿಕೊಂಡು ವಾಪಸ್ ಬರುವಾಗ ಅವರು ನನ್ನನ್ನು ಕರೆದು, ಸೀರೆಗೆ ಕೈ ಒರೆಸಿಕೊಂಡು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟನ್ ಫೋನ್ ತೆಗೆದರು. "ಇದೊಂಚೂರು ನೋಡವ್ವ. ಎರಡು ಸಾವ್ರ ಬಂದಂಗೈತೆ. ಅದು ಗೃಹಲಕ್ಷ್ಮಿದೋ ಇಲ್ಲ ಡೇರಿದೋ ಗೊತ್ತಾಗ್ನಿಲ್ಲ." ಮೆಸೇಜು ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ 2000 ಅನ್ನುವ ಅಂಕಿಯನ್ನು, ತಮ್ಮ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು, ತಾರೀಕನ್ನು ಅವರು ಬೆರಳಿಟ್ಟು ತೋರಿಸಿದರು. ಹಿಂದಿನ ತಿಂಗಳ ಮೆಸೇಜನ್ನೂ ಅಳಿಸದೆ ಇಟ್ಟುಕೊಂಡಿದ್ದರು, ಎರಡನ್ನೂ ಹೋಲಿಸಿ ನೋಡಿದ್ದರು. "ಇದೂ ಅದೂ ಒಂದೇ ತರ ಸುರುವಾಗಲ್ಲ, ಅದ್ಕೇ ಅನುಮಾನ ಬಂತು" ಅಂದರು. ನಾನು ಅಲ್ಲೇ ಕೂತುಬಿಟ್ಟೆ. ಗೊತ್ತಿಲ್ಲದ ಭಾಷೆಯ ಎರಡು ಸಂದೇಶಗಳನ್ನು ಪಕ್ಕಪಕ್ಕ ಇಟ್ಟು ಅವುಗಳ ವ್ಯತ್ಯಾಸ ಕಂಡುಹಿಡಿದವರ ಹೆಸರಿನ ಮುಂದೆ, ಓದುವ ಅಭ್ಯಾಸ ಇಲ್ಲ ಅಂತ ನಾನು ಗುರುತು ಹಾಕಿಕೊಂಡು ಹೋಗಿದ್ದೆ.

ಆ ರಾತ್ರಿ ಹತ್ತು ಪ್ರಶ್ನೆ ಬಿಟ್ಟು ಮೂರೇ ಇಟ್ಟುಕೊಂಡೆ. ನಿನ್ನೆ ಏನು ಓದಿದಿರಿ? ಮನೆಯ ಫೋನು ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೆ? ಲೈಬ್ರರಿಗೆ ನೀವು ಬರಬೇಕು ಅಂದರೆ ಅಲ್ಲಿ ಏನಿರಬೇಕು? ಚೌಕಗಳನ್ನೂ ಬಿಟ್ಟೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತ ಹೋದೆ.

ನಿನ್ನೆ ಅನ್ನುವ ಒಂದು ಪದ ಸೇರಿಸಿದ್ದಕ್ಕೆ ಊರೇ ಬೇರೆಯಾಗಿ ಕಂಡಿತು. ಗೊಬ್ಬರದ ಚೀಲದ ಮೇಲಿನ ಅಳತೆ ಓದಿದೆ ಅಂದರು ಒಬ್ಬರು. ಮದುವೆ ಪತ್ರಿಕೆ ಓದಿದೆ, ಹೆಣ್ಣಿನ ಕಡೆಯವರಲ್ಲಿ ಯಾರ್ಯಾರ ಹೆಸರು ಹಾಕಿದಾರೆ ಅಂತ ನೋಡಬೇಕಿತ್ತು ಅಂದರು ಇನ್ನೊಬ್ಬರು. ಪಂಚಾಂಗ, ಪಹಣಿ, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕು, ಮಗನ ಆರನೇ ಕ್ಲಾಸಿನ ಸಮಾಜ ಪುಸ್ತಕ, ಮಾತ್ರೆ ಪಟ್ಟಿಯ ಹಿಂಬದಿ, ಬಸ್ಸಿನ ಬೋರ್ಡು, ವಾಟ್ಸಾಪಿನಲ್ಲಿ ಬಂದ ಕೊಬ್ಬರಿ ರೇಟು. ಆ ತಿಂಗಳು ಬೆಂಬಲ ಬೆಲೆಯ ಕೊಬ್ಬರಿ ಖರೀದಿಯ ಗಡಿಬಿಡಿ ಇತ್ತು. ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಅಂತ ಕೇಂದ್ರ ನಿಗದಿ ಮಾಡಿತ್ತು. ನೋಂದಣಿಗೆ ಏನೇನು ಕಾಗದ ಬೇಕು, ಫ್ರೂಟ್ಸ್ ಐಡಿಯಲ್ಲಿ, ಅಂದರೆ ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆಯಲ್ಲಿ, ಜಮೀನು ಸರಿಯಾಗಿ ಸೇರಿದೆಯಾ, ಇದನ್ನೆಲ್ಲ ಗಂಡಸರು ರಾತ್ರಿ ಹನ್ನೊಂದರವರೆಗೆ ಫೋನಿನ ಬೆಳಕಲ್ಲಿ ಓದುತ್ತಿದ್ದರು. ಆದರೆ ಇದನ್ನು ಯಾರೂ ಓದು ಅಂತ ಕರೆಯುವುದಿಲ್ಲ. ನಮ್ಮಲ್ಲಿ ಓದು ಅಂದರೆ ಇಸ್ಕೂಲು, ಪರೀಕ್ಷೆ. ಪುಸ್ತಕ ಅಂದರೆ ಪಾಸು, ಫೇಲು. ಫೇಲಾಗಿ ಶಾಲೆ ಬಿಟ್ಟವರಿಗೆ ಆ ಮಾತು ಕೇಳಿದರೇ ಮುಖ ಸಣ್ಣದಾಗುತ್ತದೆ. ಗ್ರಂಥಾಲಯದ ಬಾಗಿಲಿಗೆ ಅವರು ಯಾಕೆ ಬರುವುದಿಲ್ಲ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೇವಸ್ಥಾನದ ಹಿಂದಿನ ಮನೆಯ ಅಜ್ಜನ ಉತ್ತರ ಇನ್ನೂ ಕಿವಿಯಲ್ಲಿದೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು, ಎರಡು ಕಣ್ಣಿಗೂ ಪೊರೆ ತೆಗೆಸಿದ್ದಾರೆ. "ನಿನ್ನೆ ಏನೂ ಓದ್ನಿಲ್ಲ. ಹೋದ ವರ್ಷ ಓದಿಸಿದ್ದೇ ಕೊನೆ" ಅಂದರು. 2023ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟು ಬರ ಬಂದಿತ್ತಲ್ಲ, ಆಗ ದೇವಸ್ಥಾನದಲ್ಲಿ ವಿರಾಟಪರ್ವ ಓದಿಸಿದ್ದರು. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆ ಅನ್ನುವುದು ಹಳೆಯ ನಂಬಿಕೆ. ಅಜ್ಜ ಹೇಳಿದ್ದು ಮಳೆಯ ವಿಷಯ ಅಲ್ಲ, ತಮ್ಮ ಅಪ್ಪನ ಕಾಲದ ಓದಿನ ವಿಷಯ. "ಒಬ್ಬ ರಾಗವಾಗಿ ಓದೋನು, ಇನ್ನೊಬ್ಬ ಅರ್ಥ ಹೇಳೋನು, ನಾವು ಅರವತ್ತು ಎಪ್ಪತ್ತು ಜನ ಕೂತ್ಕಂಡು ಕೇಳೋವು. ಅರ್ಥ ತಪ್ಪು ಹೇಳಿದ್ರೆ ನಮ್ಮಪ್ಪ ಎದ್ದು ನಿಂತು ತಿದ್ದೋನು. ನಮ್ಮಪ್ಪಂಗೆ ಸೈನು ಹಾಕಕ್ಕೂ ಬತ್ತಿರ್ಲಿಲ್ಲ, ಹೆಬ್ಬೆಟ್ಟು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ ಲೈಬ್ರರೀಲಿ ಮಾತಾಡಬ್ಯಾಡಿ ಅಂತ ಬೋರ್ಡು ಹಾಕಿದೀರಂತೆ, ಹೌದಾ?" ಅಂತ ಕೇಳಿದರು.

ಹೌದು, ಹಾಕಿದ್ದೆ. ಮೇಜಿನ ಮೇಲ್ಗಡೆ ಗೋಡೆಗೆ, 'ನಿಶ್ಶಬ್ದ' ಅಂತ ನೀಲಿ ಬಣ್ಣದಲ್ಲಿ ಬರೆಸಿದ ಬೋರ್ಡು. ನಗರದ ಗ್ರಂಥಾಲಯದಲ್ಲಿ ನೋಡಿದ್ದೆ, ಗ್ರಂಥಾಲಯ ಅಂದ ಮೇಲೆ ಇರಲೇಬೇಕು ಅಂದುಕೊಂಡಿದ್ದೆ. ಅಜ್ಜನಿಗೆ ನಾನು ಏನೂ ಹೇಳಲಿಲ್ಲ. ಅವರ ಅಪ್ಪ ಎದ್ದು ನಿಂತು ತಿದ್ದುತ್ತಿದ್ದ ಜಾಗದಲ್ಲಿ ಓದು ಅನ್ನುವುದು ಹತ್ತಾರು ಜನರ ಕೆಲಸ. ನಾವು ಅದನ್ನು ಕುರ್ಚಿ ಮೇಲೆ ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ ಮಾಡಿಟ್ಟಿದ್ದೇವೆ. ಅಕ್ಷರ ಬಾರದವರಿಗೆ ಅಲ್ಲಿ ಜಾಗವೇ ಇಲ್ಲ. ಮೂರು ವಾರದಲ್ಲಿ ನೋಟ್‌ಬುಕ್ಕು ತುಂಬಿದ್ದರಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಬೇರೆ ಬೇರೆ ಮನೆಯಲ್ಲಿ, ಬೇರೆ ಬೇರೆ ಮಾತಿನಲ್ಲಿ, ಜನ ಕೇಳಿದ್ದು ಪುಸ್ತಕಕ್ಕಿಂತ ಮೊದಲು ಓದಿ ಹೇಳುವವರನ್ನು.

ಫೋನಿನ ಪ್ರಶ್ನೆಯನ್ನೂ ಬದಲಾಯಿಸಿದ್ದು ಒಳ್ಳೆಯದೇ ಆಯಿತು. ನಿಮ್ಮ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯಾ ಅಂದರೆ ಬಹುಪಾಲು ಮನೆಯವರು ಇದೆ ಅನ್ನುತ್ತಾರೆ. ಹೊತ್ತು ಹಿಡಿದು ಕೇಳಿದರೆ ಬೇರೆಯೇ ಕಥೆ. ಒಂದು ಮನೆಯದನ್ನು ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ಹೇಳುತ್ತೇನೆ. ಬೆಳಗ್ಗೆ 6ಕ್ಕೆ ಅಪ್ಪನ ಕೈಯಲ್ಲಿ, ಡೇರಿಗೆ ಹೋಗುವಾಗ. 8ರಿಂದ ಸಂಜೆ 7ರವರೆಗೂ ಅಪ್ಪನ ಜೇಬಿನಲ್ಲಿ, ತೋಟದಲ್ಲಿ, ಪೇಟೆಯಲ್ಲಿ. 7ರಿಂದ 8ರವರೆಗೆ ಚಾರ್ಜಿಗೆ. 8ರಿಂದ ಅಣ್ಣನಿಗೆ, ಅವನಿಗೆ ಆನ್‌ಲೈನ್ ಕ್ಲಾಸು. 10ರ ಮೇಲೆ ತಂಗಿಗೆ, ಅಷ್ಟು ಹೊತ್ತಿಗೆ ಆ ದಿನದ ಡೇಟಾ ಮುಗಿದಿರುತ್ತದೆ. ಆ ತಂಗಿ ಎರಡನೇ ಪಿಯುಸಿ, ಮಾರ್ಚ್‌ನಲ್ಲಿ ಪರೀಕ್ಷೆ. ಅವಳ ಅಮ್ಮನ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಬರಲಿಲ್ಲ. "ನೀವು ಯಾವಾಗ ಹಿಡ್ಕೊಳ್ತೀರಿ?" ಅಂತ ಕೇಳಿದೆ. "ತಮ್ಮ ಬೆಂಗಳೂರಿಂದ ಮಾಡಿದ್ರೆ ಕೊಡ್ತಾರೆ, ಮಾತಾಡಿ ಕೊಟ್ಬಿಡ್ತೀನಿ" ಅಂದರು.

2020ರಲ್ಲಿ ಸರ್ಕಾರದ ಡಿಜಿಟಲ್ ಗ್ರಂಥಾಲಯ ಬಂದಾಗ ನಾನು ತುಂಬ ಸಂತೋಷಪಟ್ಟವಳು. ಊರಿನ ಎಷ್ಟೋ ಜನರನ್ನು ಅದಕ್ಕೆ ಸದಸ್ಯರನ್ನಾಗಿ ಮಾಡಿಸಿದ್ದೆ. ಫೋನಿನಲ್ಲೇ ಸಾವಿರಾರು ಪುಸ್ತಕ ಅಂದರೆ ಯಾರಿಗೆ ಬೇಡ? ಈಗಲೂ ಅದು ಬೇಕೇ ಬೇಕು. ಆದರೆ ಹತ್ತು ಗಂಟೆ ರಾತ್ರಿಗೆ ಡೇಟಾ ಮುಗಿದ ಫೋನು ಕೈಗೆ ಸಿಗುವ ಹುಡುಗಿಗೆ ಆ ಸಾವಿರಾರು ಪುಸ್ತಕ ಎಲ್ಲಿದ್ದಾವೆ? ನಮ್ಮ ಪಂಚಾಯ್ತಿಗೆ ಸೇರಿದ ಹಟ್ಟಿಯೊಂದರಲ್ಲಿ ಕೆರೆ ಏರಿ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ಲು. ಸಂಜೆಯಾದರೆ ಹುಡುಗರು ಏರಿ ಮೇಲೆ ಸಾಲಾಗಿ ಕೂತಿರುತ್ತಾರೆ. ಹೆಣ್ಣುಮಕ್ಕಳನ್ನು ಆ ಹೊತ್ತಿನಲ್ಲಿ ಅಲ್ಲಿಗೆ ಕಳಿಸುವುದಿಲ್ಲ.

ಹೆಣ್ಣುಮಕ್ಕಳ ಮಾತು ಬಂದಿದ್ದರಿಂದ ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯವರ ಎದುರಿಗೆ ಅವರು ಬಾಯಿ ಬಿಡಲಿಲ್ಲ. ಏನು ಕೇಳಿದರೂ "ಏನೂ ಬೇಡ ಅಕ್ಕ, ಚೆನ್ನಾಗಿದೆ." ಆಮೇಲೆ ಒಂದು ಶನಿವಾರ ಮಧ್ಯಾಹ್ನ ಏಳೆಂಟು ಜನರನ್ನು ಗ್ರಂಥಾಲಯಕ್ಕೆ ಕರೆದು, ಬಾಗಿಲು ಮುಂದೆ ಮಾಡಿಕೊಂಡು, ಕಡಲೆಪುರಿ ಕಲಸಿಟ್ಟುಕೊಂಡು ಕೂತೆ. ಆಗ ಒಂದೊಂದೇ ಹೊರಗೆ ಬಂತು. ಮೇಜಿನ ಸುತ್ತ ಹುಡುಗರು ಕೂತಿದ್ದರೆ ಒಳಗೆ ಬರಲು ಮುಜುಗರ. ಬಂದರೂ ಬೀರುವಿನ ಮುಂದೆ ನಿಂತು ಪುಸ್ತಕ ಆರಿಸುವಾಗ ಬೆನ್ನ ಹಿಂದೆ ಎಲ್ಲರೂ ನೋಡುತ್ತಾರೆ ಅನ್ನಿಸುತ್ತದೆ, ಕೈಗೆ ಸಿಕ್ಕಿದ್ದನ್ನು ತಗೊಂಡು ಹೋಗಿಬಿಡುತ್ತೇವೆ. ಶೌಚಾಲಯ ಇಲ್ಲ, ಎರಡು ಗಂಟೆ ಕೂರಲು ಆಗುವುದಿಲ್ಲ. ಮುಟ್ಟಿನ ಬಗ್ಗೆ, ಮೈ ಬದಲಾಗುವುದರ ಬಗ್ಗೆ ಒಂದು ಒಳ್ಳೆಯ ಪುಸ್ತಕ ಬೇಕು, ಅದು ಬೀರುವಿನ ಒಳಗೆ ಬೀಗ ಹಾಕಿ ಇರಬಾರದು, ಕೇಳದೇ ತೆಗೆದುಕೊಳ್ಳುವ ಹಾಗಿರಬೇಕು. ಒಬ್ಬಳು ಹೇಳಿದಳು, "ಬಸ್ ಫ್ರೀ ಆದ್ಮೇಲೆ ಒಂದು ಪ್ರಿಂಟಿಗೆ ತಿಪಟೂರಿಗೆ ಹೋಗ್ತೀವಿ ಅಕ್ಕ. ಅರ್ಧ ದಿನ ಹೋಗುತ್ತೆ. ಆ ಪ್ರಿಂಟ್ ಇಲ್ಲೇ ಸಿಕ್ಕಿದ್ರೆ ಆ ಅರ್ಧ ದಿನ ಓದಬೋದಿತ್ತು." ಕಡಲೆಪುರಿ ಖಾಲಿಯಾದರೂ ಅವರು ಏಳಲಿಲ್ಲ. ಆ ಕೋಣೆಯಲ್ಲಿ ಅವರು ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಹುಡುಗರ ಬೇಡಿಕೆ ನೇರ. ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಅರ್ಜಿ ಕರೆದಿದ್ದ ಕಾಲ ಅದು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಬೇಕು, ಹೊಸ ಮುದ್ರಣದ್ದೇ ಬೇಕು, ಎರಡೆರಡು ಪ್ರತಿ ಬೇಕು. ಪ್ಲಗ್ ಪಾಯಿಂಟ್ ಬೇಕು. ರಾತ್ರಿ ತೆರೆದಿರಬೇಕು. ಅವರು ಸಾಮಾನ್ಯ ಜ್ಞಾನದ ಹಳೇ ಪುಸ್ತಕ ಒಂದನ್ನು ನನ್ನ ಮುಂದೆ ತಂದಿಟ್ಟು, ಅದರಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ ಅಂತ ಇರುವುದನ್ನು ತೋರಿಸಿದರು. ವಿಜಯನಗರ ಜಿಲ್ಲೆ ಆಗಿ 31 ಆದದ್ದು 2021ರಲ್ಲಿ. "ಇದನ್ನ ಓದಿ ಬರೆದ್ರೆ ಒಂದು ಮಾರ್ಕ್ಸ್ ಹೋಯ್ತಲ್ಲ ಮೇಡಂ." ಒಂದು ಅಂಕದಲ್ಲಿ ನೂರಾರು ಜನ ಹಿಂದೆ ಬೀಳುವ ಪರೀಕ್ಷೆ ಅದು. ಅವತ್ತೇ ಆ ಪುಸ್ತಕವನ್ನು ಬೀರುವಿನಿಂದ ತೆಗೆದಿಟ್ಟೆ.

ಇನ್ನೊಂದು ಮನೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಹುಡುಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿ.ಎ. ಮುಗಿಸಿದ್ದಾನೆ. ನಾನು ಅವನ ಮನೆಗೆ ಹೋಗುವಾಗ ಕೇಳಿ ಉಪಯೋಗ ಏನು ಅಂತ ಒಂದು ಕ್ಷಣ ಅನ್ನಿಸಿತ್ತು. ಹಾಗೆ ಅನ್ನಿಸಿದ್ದು ನನ್ನ ತಪ್ಪು. "ನಿನ್ನೆ ಏನು ಓದಿದೆಯಪ್ಪ?" ಅಂದೆ. ಊರಲ್ಲಿ ಯಾರಿಗಿಂತ ಹೆಚ್ಚು ಓದಿದ್ದವನು ಅವನೇ. ಎರಡು ದಿನಪತ್ರಿಕೆಗಳ ಜಾಲತಾಣ, ಒಂದು ಕಾದಂಬರಿಯ ನಾಲ್ಕು ಅಧ್ಯಾಯ, ಪರೀಕ್ಷೆಯ ಹಳೇ ಪ್ರಶ್ನೆಗಳು. ಅವನ ಫೋನು ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಎಷ್ಟು ವೇಗವಾಗಿ ಅಂದರೆ ನನಗೆ ಒಂದು ಪದವೂ ಹಿಡಿಯಲಾಗಲಿಲ್ಲ. ಅವನು ಮಾತ್ರ ನಗುತ್ತ ಕೇಳುತ್ತಿದ್ದ.

"ಅಕ್ಕ, ಇದನ್ನ ಕೇಳಿ" ಅಂತ ಒಂದು ಪಿಡಿಎಫ್ ತೆರೆದ. ಅವನ ಗೆಳೆಯ ಕಳಿಸಿದ ಇತಿಹಾಸದ ನೋಟ್ಸು. ನನ್ನ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಫೋನು ಅದನ್ನು ಓದತೊಡಗಿದಾಗ ಬಂದದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಬಿಡಿ ಬಿಡಿ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು, ಅಂಕಿಗಳು. ಅವನೇ ವಿವರಿಸಿದ. ಯುನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ. ಅದು ಬರುವುದಕ್ಕೆ ಮುಂಚಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಕಣ್ಣಿಗೆ 'ಕ' ಕಂಡರೂ ಕಡತದ ಒಳಗೆ ಇರುವುದು ಬೇರೆ. ಕಣ್ಣಿದ್ದವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಫೋಟೋ ಹೊಡೆದು ಮಾಡಿದ ಪಿಡಿಎಫ್ ಆದರೆ ಅದೂ ಇಲ್ಲ, ಫೋನಿಗೆ ಅದೊಂದು ಚಿತ್ರ, ಮೌನ. "ನಿಮ್ಮ ಕಂಪ್ಯೂಟರ್‌ನಲ್ಲಿ ಇದನ್ನ ಯುನಿಕೋಡಿಗೆ ಬದಲಾಯಿಸಿ ಕೊಡೋಕಾಗುತ್ತಾ? ನನಗೆ ಲೈಬ್ರರಿಯಿಂದ ಬೇಕಾಗಿರೋದು ಇಷ್ಟೇ. ಹೊಸ ಪುಸ್ತಕ ಬೇಡ. ಇರೋದನ್ನ ಓದೋ ಹಾಗೆ ಮಾಡಿಕೊಡಿ."

ಆ ವಾರವೇ ಕೂತು ಕಲಿತೆ. ಫಾಂಟ್ ಬದಲಾಯಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಇವೆ. ಪಠ್ಯವನ್ನು ಅದಕ್ಕೆ ಹಾಕಿ ಯುನಿಕೋಡ್ ಮಾಡಿಕೊಂಡು, ಒತ್ತಕ್ಷರಗಳು ಅದಲು ಬದಲಾದ ಕಡೆ ಕೈಯಿಂದ ತಿದ್ದಬೇಕು. ಮೊದಲ ಇಪ್ಪತ್ತು ಪುಟಕ್ಕೆ ಎರಡು ದಿನ ಹಿಡಿಯಿತು. ಅರ್ಕಾವತ್ತು ಎಲ್ಲೆಲ್ಲಿ ತಪ್ಪುತ್ತದೆ ಅಂತ ಗೊತ್ತಾದ ಮೇಲೆ ಕೆಲಸ ಓಡಿತು. ಕಳಿಸಿದ ಅರ್ಧ ಗಂಟೆಗೆ ಅವನ ವಾಯ್ಸ್ ಮೆಸೇಜ್ ಬಂತು. ಹಿನ್ನೆಲೆಯಲ್ಲಿ ಫೋನು ಕದಂಬರ ಬಗ್ಗೆ ಓದುತ್ತಿತ್ತು. ಅವನು ಏನೂ ಮಾತಾಡಿರಲಿಲ್ಲ, ಅದನ್ನಷ್ಟೇ ಕೇಳಿಸಿದ್ದ. ಈ ಕೆಲಸದಲ್ಲಿ ನನಗೆ ಸಿಕ್ಕ ಸಂಬಳ ಅದು ಅಂತ ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ.

ಎಲ್ಲಾ ಮನೆಯಲ್ಲೂ ಹೀಗೆ ಒಳ್ಳೆಯ ಮಾತೇ ಸಿಕ್ಕಿತು ಅಂತಲ್ಲ. ಕೆಲವರು ಬೈದರು. ರಸ್ತೆ ಇಲ್ಲ, ಕುಡಿಯೋ ನೀರಿಗೆ ಟ್ಯಾಂಕರ್ ಕಾಯಬೇಕು, ಇವಳು ಪುಸ್ತಕ ಅಂತ ಬಂದವಳೆ ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಬ್ಬ ಯಜಮಾನರಂತೂ ಕಂದಾಯದ ಹಣವನ್ನು ಇಂಥದಕ್ಕೆಲ್ಲ ಯಾಕೆ ಹಾಕಬೇಕು ಅಂತ ಗಟ್ಟಿಯಾಗಿ ಕೇಳಿದರು. ಅವರ ಮನೆ ಕಂದಾಯದ ರಸೀದಿ ತರಿಸಿದೆ. ಮನೆ ಕಂದಾಯದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ, ಅವುಗಳ ನಡುವೆ ಗ್ರಂಥಾಲಯ ಕರ. ಬೆರಳಿಟ್ಟು ತೋರಿಸಿದೆ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಇದು ಇದೆ, ಈಗ ಕಂದಾಯದ ಪ್ರತಿ ರೂಪಾಯಿಗೆ 6 ಪೈಸೆ. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಹೆಂಡತಿಯನ್ನು ಕರೆದು ತೋರಿಸಿದರು. "ಅಂದ್ರೆ ಇಷ್ಟ್ ವರ್ಷ ನಾನು ದುಡ್ ಕೊಟ್ಟು, ನಾನೇ ಒಳಕ್ಕೆ ಬಂದಿಲ್ಲ" ಅಂದರು. ಆಮೇಲೆ ಆ ರಸೀದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಮುಂದಿನ ಮೂರು ಮನೆಗೆ ನನ್ನ ಜೊತೆಯಲ್ಲೇ ಬಂದು, ನನಗಿಂತ ಮೊದಲು ಅವರೇ ಅದನ್ನು ತೋರಿಸಿದರು. ಮೂರು ವಾರದಲ್ಲಿ ನಾನು ಮಾಡಿದ ಭಾಷಣಗಳೆಲ್ಲ ಸೇರಿದರೂ ಆ ಒಂದು ಚೀಟಿಯ ಕೆಲಸ ಮಾಡಿರಲಿಕ್ಕಿಲ್ಲ.

ಮಾರ್ಚ್ ಮೊದಲ ವಾರ ಪಂಚಾಯ್ತಿಯಲ್ಲಿ ನೋಟ್‌ಬುಕ್ಕಿಟ್ಟೆ. ಅಂಕಿ ಅಂಶ ಎಲ್ಲಿ ಅಂದರು. ಕೋಷ್ಟಕ ಮಾಡಿ ಕೊಡಿ, ಎಷ್ಟು ಜನ ಓದುತ್ತಾರೆ, ಎಷ್ಟು ಜನ ಓದುವುದಿಲ್ಲ. ನಾನು ಫೋನಿನ ಪುಟ ತೆರೆದು, ಬೆಳಗ್ಗೆ 6ರಿಂದ ರಾತ್ರಿ 10ರವರೆಗಿನ ಆ ಒಂದು ಮನೆಯ ಲೆಕ್ಕವನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಅಜ್ಜನ ಮಾತು ಓದಿದೆ. ಹೆಣ್ಣುಮಕ್ಕಳದ್ದನ್ನು ಹೆಸರು ಹೇಳದೆ ಓದಿದೆ. ಸಭೆಯಲ್ಲಿದ್ದ ಒಬ್ಬ ಸದಸ್ಯೆ, ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂತು ಸೈನು ಹಾಕಿ ಹೋಗುವವರು, "ನಂಗೂ ಅಷ್ಟೇ, ಪಂಚಾಯ್ತಿ ನೋಟೀಸು ಮಗ ಓದಿ ಹೇಳಿದ್ರೇನೆ ಗೊತ್ತಾಗೋದು" ಅಂದರು. ಯಾರೂ ನಗಲಿಲ್ಲ.

ಕೊಟ್ಟದ್ದು, ಕೊಡದೇ ಇದ್ದದ್ದು ಎರಡೂ ಇವೆ. ಪ್ರಿಂಟರ್ ಬಂತು. ಪ್ಲಗ್ ಪಾಯಿಂಟ್ ಹಾಕಿಸಿದರು. ಪರೀಕ್ಷೆ ಪುಸ್ತಕಗಳ ಹೊಸ ಮುದ್ರಣ ಎರಡೆರಡು ಪ್ರತಿ ಬಂದವು. ಶೌಚಾಲಯಕ್ಕೆ ಜಾಗದ ತಕರಾರು ಅಂತ ಮುಂದಕ್ಕೆ ಹಾಕಿದರು, ಇನ್ನೂ ಆಗಿಲ್ಲ. ನಾನು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ, ಆಗುವವರೆಗೂ ಕೇಳುತ್ತೇನೆ. ರಾತ್ರಿ ತೆರೆಯುವುದಕ್ಕೆ ನನ್ನ ಕೆಲಸದ ಅವಧಿ ಅಡ್ಡ ಬಂತು. ಅದಕ್ಕೆ ಮೇಷ್ಟ್ರು ಮುಂದೆ ಬಂದರು. ಎರಡನೇ ಕೀಲಿಕೈ ಮಾಡಿಸಿ, ಪಂಚಾಯ್ತಿಯ ಒಪ್ಪಿಗೆ ಬರೆಸಿಕೊಂಡು ಅವರಿಗೆ ಕೊಟ್ಟೆವು. ಸಂಜೆ ಆರರಿಂದ ಎಂಟೂವರೆ. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರು, ಹೆಣ್ಣುಮಕ್ಕಳಿಗೆ ಮಾತ್ರ. ಮೈ ಬದಲಾವಣೆಯ ಪುಸ್ತಕಗಳನ್ನು ಬಾಗಿಲ ಹಿಂದಿನ ಒಂದು ತೆರೆದ ಹಲಗೆಯ ಮೇಲಿಟ್ಟಿದ್ದೇನೆ, ಅವುಗಳಿಗೆ ವಹಿಯಲ್ಲಿ ಸಹಿ ಕೇಳುವುದಿಲ್ಲ. ನಾಲ್ಕು ಇದ್ದವು, ಒಂದು ವಾಪಸ್ ಬಂದಿಲ್ಲ. ಅದು ಯಾರ ಮನೆಯ ಹಾಸಿಗೆ ಕೆಳಗೋ ಇದ್ದರೆ ಇರಲಿ.

ನಿಶ್ಶಬ್ದದ ಬೋರ್ಡನ್ನು ನಾನೇ ಕುರ್ಚಿ ಹಾಕಿಕೊಂಡು ಇಳಿಸಿದೆ. ಈಗ ಗುರುವಾರ ಸಂಜೆ ಡೇರಿಯಲ್ಲಿ ಹಾಲು ಹಾಕಿ ಬರುವ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಓದು. ಮೊದಲು ಪೇಪರು, ಆಮೇಲೆ ಯಾರಿಗಾದರೂ ಬಂದ ಕಾಗದ, ನೋಟೀಸು, ಬ್ಯಾಂಕಿನ ಮೆಸೇಜು, ಕೊನೆಗೆ ಒಂದು ಕಥೆ. ಕಾಗದ ಓದುವಾಗ ದುಡ್ಡಿನ ಲೆಕ್ಕ ನಾಲ್ಕು ಜನರ ಮುಂದೆ ಬರಬಾರದು ಅಂತ ಒಬ್ಬರು ಹೇಳಿದ ಮೇಲೆ, ಅದನ್ನು ಒಳಗೆ ಕೂರಿಸಿಕೊಂಡು ಓದುತ್ತೇವೆ. ಮೇಷ್ಟ್ರ ದನಿ ದೊಡ್ಡದು, ಕಥೆ ಅವರದೇ. ಅಜ್ಜ ಬರುತ್ತಾರೆ, ಮೇಷ್ಟ್ರು ಒಂದು ಪದ ನುಂಗಿದರೂ ತಡೆಯುತ್ತಾರೆ. ಕೊಬ್ಬರಿ ಅಕ್ಕ ಕ್ಯಾನು ಹಿಡಿದುಕೊಂಡು ನಿಂತೇ ಕೇಳುತ್ತಿದ್ದವರು, ಮೂರನೇ ವಾರ ಕೂತರು. ಆರನೇ ವಾರ ನನ್ನ ಹತ್ತಿರ ಬಂದು, ದೊಡ್ಡ ಅಕ್ಷರದ ಪುಸ್ತಕ ಯಾವುದಾದ್ರೂ ಐತಾ ಅಂದರು. ಮಕ್ಕಳ ಬೀರುವಿನಿಂದ ಒಂದು ಕೊಟ್ಟೆ. ಇದು ಮಕ್ಕಳದ್ದಲ್ವಾ ಅಂತ ಅವರು ಕೇಳಲಿಲ್ಲ, ಸೆರಗಿನ ಒಳಗೆ ಇಟ್ಟುಕೊಂಡು ಹೋದರು.

ಕೆರೆ ಏರಿಯ ಹಟ್ಟಿಯವರು ಮಾತ್ರ ಇಷ್ಟು ದೂರ ಬರುವುದಿಲ್ಲ. ಅಲ್ಲಿನ ಅಜ್ಜಿಯೊಬ್ಬರು, ಅಕ್ಷರ ಗೊತ್ತಿಲ್ಲದವರು, ಸೋಬಾನೆ ಪದ ನೂರಕ್ಕೂ ಹೆಚ್ಚು ಬರುತ್ತವೆ ಅನ್ನುವವರು, ನನ್ನ ಮೂರನೇ ಪ್ರಶ್ನೆಗೆ ಹೀಗೆ ಹೇಳಿದ್ದರು: "ನೀನು ಪುಸ್ತಕ ತಂದು ಕೊಡೋದು ಆಮ್ಯಾಲೆ. ಮೊದ್ಲು ನಾನು ಹೇಳೋದ ಬರ್ಕೊ. ನಾನು ಹೋದ್ರೆ ಇವು ಹೋಯ್ತಾವೆ. ನಿನ್ ಬೀರುವಿನಾಗೆ ನಮ್ ಹಟ್ಟಿದೂ ಒಂದು ಇರ್ಲಿ. ಯಾವಾಗ ಬತ್ತೀಯ?"

ಭಾನುವಾರ ಬರುತ್ತೇನೆ ಅಂದಿದ್ದೆ. ಈಗ ತಿಂಗಳಿಗೆ ಎರಡು ಭಾನುವಾರ ಹೋಗುತ್ತೇನೆ. ಬಟ್ಟೆ ಚೀಲದಲ್ಲಿ ಮಕ್ಕಳ ಪುಸ್ತಕ ಹದಿನೈದು, ಅಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಪ್ರಿಂಟ್ ತೆಗೆದ ಹಳೇ ಪ್ರಶ್ನೆಪತ್ರಿಕೆಗಳು, ಆ ವಾರದ ಪೇಪರು, ಫೋನ್ ಚಾರ್ಜರು, ಎರಡು ಪೆನ್ನು, ಅಜ್ಜಿಯ ಪದ ಬರೆದುಕೊಳ್ಳಲು ಗೆರೆ ಇರುವ ಒಂದು ಹೊಸ ನೋಟ್‌ಬುಕ್ಕು. ಮೊನ್ನೆಗೆ ಮೂವತ್ತೊಂದನೇ ಪದ ಮುಗಿಯಿತು.